ಮುದುಕಿಯ ಕೈ

ನನ್ನನ್ನು ಮೊದಲ ಸಲ 'ಅಜ್ಜಿ' ಎಂದು ಕರೆದವನು ಜಮಖಂಡಿಯ ಒಬ್ಬ ಬಳೆ ಅಂಗಡಿಯವನು. ಆಗ ನನಗೆ ಐವತ್ತೊಂದು ವರ್ಷ. ಅವನಿಗೆ ನಲವತ್ತೈದಾದರೂ ಇದ್ದೀತು, ಮೀಸೆಗೆ ಹಚ್ಚಿದ ಬಣ್ಣ ತುಟಿಗೂ ಸ್ವಲ್ಪ ಹತ್ತಿತ್ತು. ನಾನು ಆರಿಸಿಕೊಂಡಿದ್ದ ಕೆಂಪು ಗಾಜಿನ ಬಳೆಗಳನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, "ಇವು ಹುಡುಗ್ಯಾರು ಹಾಕ್ಕೊಳ್ಳೂವು ಅಜ್ಜಿ. ನಿಮ್ಮಂಥಾವ್ರವು ಆ ಕಡೆ ಅದಾವ ನೋಡ್ರಿ," ಎಂದ. ಆ ಕಡೆ ನೋಡಿದರೆ ಕೆಸರಿನ ಬಣ್ಣದ ಎರಡು ಡಜನ್ ಬಳೆ ದಾರದಲ್ಲಿ ಜೋತಾಡುತ್ತಿದ್ದವು. ನಾನು ಏನನ್ನೂ ಕೊಳ್ಳದೆ ಎದ್ದು ಬಂದೆ.

ಬನಹಟ್ಟಿಯ ಬಸ್ಸು ಹತ್ತಿದರೆ ಅಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತು, "ಕುಂದರ್ರಿ ಆಂಟಿ," ಎಂದಳು. ಪಾಪ, ಒಳ್ಳೆಯ ಹುಡುಗಿ. ಆದರೆ ನನ್ನ ತಲೆ ಆಗಲೇ ಕೆಟ್ಟಿತ್ತು. ಬ್ಯಾಡ ಎಂದು ಹೇಳಿ ಕಂಬ ಹಿಡಿದು ನಿಂತುಕೊಂಡೆ. ರಬಕವಿ ಬರುವ ತನಕ ಮೊಣಕಾಲು ಹಿಂಡಿ ಹಿಪ್ಪೆಯಾದವು. ಖಾಲಿ ಸೀಟು ಎದುರಿಗೇ ಇತ್ತು. ಹಟ ಎಂದರೆ ಹಟ.

ವಯಸ್ಸಾದ ಹೆಂಗಸರನ್ನು ಕರೆಯುವ ಮಾತುಗಳ ಬಗ್ಗೆ ನಾನು ಅವತ್ತಿನಿಂದ ಬಹಳ ಯೋಚನೆ ಮಾಡಿದ್ದೇನೆ. ನಮ್ಮ ಕಡೆ ಗಂಡಸು ಹಣ್ಣಾದರೆ 'ಅಜ್ಜಾರು' ಆಗುತ್ತಾನೆ. ಮಠದ ಸ್ವಾಮಿಗಳಿಗೂ ಅಜ್ಜಾರು ಎಂದೇ ಹೇಳುವುದು. ಜನ ಸಾಲು ಹಚ್ಚಿ ಕಾಲಿಗೆ ಬೀಳುತ್ತಾರೆ. ಅದೇ ಮಾತು ಸೀರೆ ಉಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, 'ಏ ಅಜ್ಜಿ, ದಾರಿ ಬಿಡು' ಎಂದಾಗುತ್ತದೆ. ಇನ್ನು 'ಆಂಟಿ' ಎಂಬುದು ನಮ್ಮ ಓಣಿಗೆ ಬಂದದ್ದು ಬ್ಯಾಂಕಿನ ಸಾಹೇಬರ ಹೆಂಡತಿಯ ಜೊತೆ. ಇಂಗ್ಲಿಷ್ ಸಾಲಿಗೆ ಹೋಗುವ ಮಕ್ಕಳು ಅವರನ್ನು ಹಾಗೆ ಕರೆಯುವುದನ್ನು ಕೇಳಿ ನಮ್ಮ ಪಕ್ಕದ ಮನೆಯಾಕೆಗೆ ಎಷ್ಟು ಆಸೆಯಾಯಿತೆಂದರೆ, ಓಣಿಯ ಮಕ್ಕಳಿಗೆ ಬೆಲ್ಲದ ಚೂರು ಕೊಟ್ಟು 'ಆಂಟಿ ಅನ್ರಿ' ಎಂದು ಕಲಿಸಿದ್ದಳು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಪುಣ್ಯಾತ್ಗಿತ್ತಿ ತರಕಾರಿ ಗಾಡಿಯವನ ಕೂಡ, "ಯಾರ್‍ಲೇ ಆಂಟಿ? ನಿಮ್ಮವ್ವ ಆಂಟಿ," ಎಂದು ಬೀದಿಯಲ್ಲಿ ಜಗಳಕ್ಕೆ ನಿಂತದ್ದನ್ನು ನಾನೇ ಕಂಡಿದ್ದೇನೆ. ಮಾತು ಅದೇ, ಬೆಲ್ಲ ಮಾತ್ರ ಕರಗಿ ಹೋಗಿತ್ತು.

ಜಮಖಂಡಿಯ ಸಿಟ್ಟು ಜಮಖಂಡಿಯಲ್ಲೇ ಇಳಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅದನ್ನು ಬನಹಟ್ಟಿಯ ತನಕ ಹೊತ್ತು ತಂದು ನಮ್ಮ ಅತ್ತೆಯ ತಲೆಯ ಮೇಲೆ ಇಳಿಸಿದೆ.

ನಮ್ಮ ಮನೆಯ ಹೆಂಗಸರ ಕಸುಬು ಹಾಸು ಕೆಚ್ಚುವುದು. ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಕಾಪುರದ ಕಡೆ ಹೊಲದ ಕೆಲಸ ಮಾಡಿ ಬೆಳೆದ ನನಗೆ ಮದುವೆಯಾಗಿ ಬಂದಾಗ ಯಾರಾದರೂ ಹೇಳಬೇಕಾಗಿತ್ತು, ಆದ್ದರಿಂದ ನನ್ನಂಥವರಿಗಾಗಿ ಹೇಳುತ್ತೇನೆ. ಮಗ್ಗದ ಮೇಲಿನ ಉದ್ದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದು ಮುಗಿಯುತ್ತ ಬಂದಾಗ ಹೊಸ ನೂಲು ಸುತ್ತಿದ ದೊಡ್ಡ ಉರುಳೆಯನ್ನು, ಅಂದರೆ ಬೀಮನ್ನು, ತಂದು ಮಗ್ಗದ ಹಿಂದೆ ಕೂಡಿಸುತ್ತಾರೆ. ಹಳೆಯ ಒಂದೊಂದು ಎಳೆಗೆ ಹೊಸ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುತ್ತೇವೆ. ಒಂದು ಸೀರೆಯ ಅಗಲದಲ್ಲಿ ಸಾವಿರಾರು ಎಳೆ ಇರುತ್ತವೆ. ಅವುಗಳ ಸಾಲು ತಪ್ಪಬಾರದೆಂದು ಹೊಸ ಹಾಸಿನಲ್ಲಿ ಎರಡು ಕೋಲು ತೂರಿಸಿರುತ್ತಾರೆ: ಒಂದು ಎಳೆ ಕೋಲಿನ ಮೇಲೆ, ಅದರ ಪಕ್ಕದ್ದು ಕೆಳಗೆ. ಕೆಚ್ಚಿ ಮುಗಿಯುವ ತನಕ ಆ ಕೋಲುಗಳನ್ನು ಮುಟ್ಟಕೂಡದು, ಎಷ್ಟೇ ಸೆಕೆಯಾದರೂ ಫ್ಯಾನು ಹಚ್ಚಕೂಡದು.

ಕೆಚ್ಚುವ ಹೆಂಗಸರಿಗೆ ಒಬ್ಬ ಯಜಮಾನಿ ಇರುತ್ತಾಳೆ. ಅವಳಿಗೆ ನಮ್ಮ ಓಣಿಯಲ್ಲಿ 'ಮುದುಕಿ' ಎನ್ನುತ್ತಿದ್ದರು. ವಯಸ್ಸು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಅತ್ತೆ ಮುದುಕಿಯಾದಾಗ ಅವರಿಗೆ ಮೂವತ್ತಾರು. ಅದಕ್ಕೂ ಮುಂಚಿನ ಮುದುಕಿ ತನ್ನ ಬೂದಿಯ ಬಟ್ಟಲನ್ನು ಇವರ ಕೈಗೆ ಕೊಟ್ಟ ದಿನ ಇಡೀ ಓಣಿಗೆ ಸಕ್ಕರೆ ಹಂಚಿದರಂತೆ. ಹೊಸ ಮಗ್ಗ ಹೂಡಿದವರು ಮೊದಲ ಹಾಸು ಕೆಚ್ಚಲು ಮುದುಕಿಯನ್ನೇ ಕರೆಯಬೇಕು, ಅದೂ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮನೆ ಬಾಗಿಲಿಗೆ ಬಂದು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಹಿರಿಯ ಮಾಲಕರೊಬ್ಬರು ನಮ್ಮ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, "ಮುದುಕಿಯವರ, ನಮ್ಮ ಮಗ್ಗಕ್ಕ ಬಂದು ಕೈ ಹಚ್ಚರಿ," ಎಂದದ್ದನ್ನು ಕಂಡು ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. ಆ ಗಂಡಸಿನ ವಯಸ್ಸು ಅತ್ತೆಗಿಂತ ಹೆಚ್ಚಿತ್ತು. 'ಈ ಬೀಮಿಗೆ ಮುದುಕಿ ಕೈ ಬಿದ್ದೈತಿ' ಎಂದರೆ ಎಳೆ ಹರಿಯುವುದಿಲ್ಲ ಎಂದು ಅರ್ಥ.

ಆಮೇಲೆ ಕೈಮಗ್ಗಗಳು ಕಡಿಮೆಯಾಗಿ ವಿದ್ಯುತ್ ಮಗ್ಗದ ಶೆಡ್ಡುಗಳು ಎದ್ದವು. ಬೇರೆ ಬೇರೆ ಊರುಗಳಿಂದ ಹೊಸ ತರುಣರು ಕೆಲಸಕ್ಕೆ ಬಂದರು. ಅವರಿಗೆ ಮುದುಕಿ ಎಂದರೆ ಬರೀ ಮುದುಕಿ. ಎಲೆ ಅಡಿಕೆ ನಿಂತಿತು, ಫೋನು ಬಂತು. ಆದರೂ ಎಪ್ಪತ್ತು ದಾಟಿದ ನಮ್ಮ ಅತ್ತೆ ದಿನವೂ ಮುಂಜಾನೆ ಬೂದಿಯ ಬಟ್ಟಲು ಹಿಡಿದು ನನ್ನ ಮುಂದೆ ಮುಂದೆ ನಡೆಯುತ್ತಿದ್ದರು.

ಜಮಖಂಡಿಯಿಂದ ಬಂದ ಆ ಮಧ್ಯಾಹ್ನ ನಾನು ಮನೆಗೂ ಹೋಗದೆ ಸೀದಾ ಶೆಡ್ಡಿಗೆ ಹೋದೆ. ಅದು ನಾನು ಈಗ ಹೇಳಿದ ಹಿರಿಯ ಮಾಲಕರದೇ ಶೆಡ್ಡು. ಅವರು ತೀರಿಕೊಂಡ ಮೇಲೆ ಮೊಮ್ಮಗ ನೋಡಿಕೊಳ್ಳುತ್ತಿದ್ದ. ಅತ್ತೆ ಒಬ್ಬರೇ ಕೆಚ್ಚುತ್ತ ಕುಳಿತಿದ್ದರು. ಅವರದು ಒಂದು ರೀತಿ: ಕೆಚ್ಚಿದ ಪ್ರತಿ ಎಳೆಯನ್ನೂ ಒಮ್ಮೆ ಮೆಲ್ಲಗೆ ಎಳೆದು ನೋಡಿಯೇ ಮುಂದಿನದಕ್ಕೆ ಕೈ ಹಾಕುವುದು. ಮೂವತ್ತು ವರ್ಷ ಅದನ್ನೇ ನೋಡಿದ್ದೆ. ಅವತ್ತು ತಡೆಯಲಾಗಲಿಲ್ಲ. ಅಷ್ಟರಲ್ಲಿ ಮೊಮ್ಮಗ ಮಾಲಕ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ:

"ಇನ್ನ ಎಷ್ಟ ಹೊತ್ತರಿ ಆಂಟಿ?"

"ನನ್ನ ಏನ ಕೇಳ್ತಿ? ಈ ಮುದುಕೀನ ಕೇಳು," ಎಂದೆ. "ಕಣ್ಣ ಕಾಣಂಗಿಲ್ಲ, ಕೈ ನಡಗತಾವ, ಮನ್ಯಾಗ ಸುಮ್ಮ ಬಿದ್ದಿರಂದ್ರ ಇರಂಗಿಲ್ಲ."

ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದ ಹೊತ್ತು. ಹಾಗಾಗಿ ಮಾತು ಶೆಡ್ಡಿನ ಆ ತುದಿಗೂ ಕೇಳಿತು. ಇಬ್ಬರು ಮೂವರು ನಕ್ಕರು. ಅತ್ತೆ ಕೈಯಲ್ಲಿದ್ದ ಎಳೆಯನ್ನು ಪೂರ್ತಿ ಹೊಸೆದರು, ಎಳೆದು ನೋಡಿದರು, ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಬೂದಿಯ ಬಟ್ಟಲನ್ನು ನನ್ನ ಮುಂದೆ ಇಟ್ಟು ಎದ್ದು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಮರುದಿನ ಮೊಮ್ಮಗ ಮಾಲಕ ಹೇಳಿದ, "ಇನ್ನ ಆ ಮುದುಕೀನ ಕರಕೊಂಡ ಬರಬ್ಯಾಡ್ರಿ ಆಂಟಿ. ಎಳಿ ತಪ್ಪಿದ್ರ ನಮಗ ತ್ರಾಸ." ಹಾಗೇನಿಲ್ಲ, ನಾನು ಸಿಟ್ಟಿನಲ್ಲಿ ಅಂದದ್ದು ಎಂದು ಹೇಳಲು ಹೋದೆ. "ನೀವ ಅಂದ್ರೆಲ್ಲರಿ ಕಣ್ಣ ಕಾಣಂಗಿಲ್ಲ ಅಂತ," ಎಂದು ನಕ್ಕುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಐವತ್ತು ವರ್ಷ ಕೇಳಿದ ಗಾದೆ ಅವತ್ತು ಅರ್ಥವಾಯಿತು.

ಅತ್ತೆ ಮನೆಯಲ್ಲಿ ಉಳಿದರು. ಜಗಳವಾಡಲಿಲ್ಲ, ಉಪವಾಸ ಮಾಡಲಿಲ್ಲ, ಮಗನ ಮುಂದೆ ದೂರು ಹೇಳಲಿಲ್ಲ. ನನ್ನ ಗಂಡ ಬಾಡಗಂಡಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ವಾರಕ್ಕೊಮ್ಮೆ ಬರುವವರು, ಅವರಿಗೆ ಗೊತ್ತೇ ಆಗಲಿಲ್ಲ. ಆದರೆ ಅತ್ತೆ ಒಂದು ಹೊಸ ರೂಢಿ ಕಲಿತರು. ಚಹಾ ಬೇಕೇನ್ರಿ ಎಂದರೆ, "ಮುದುಕಿಗೆ ಯಾತರ ಚಾ." ಯಾವ ಪಲ್ಯ ಮಾಡಲಿ ಎಂದರೆ, "ಮುದುಕಿಗೆ ಏನ ತಿಳೀತೈತಿ, ನೀವ ಶಾಣ್ಯಾರು ಮಾಡ್ರಿ." ತಮ್ಮ ಕಸುಬಿನ ಹೆಸರನ್ನು ತಾವೇ ದಿನಕ್ಕೆ ಹತ್ತು ಸಲ ಕೆಸರಲ್ಲಿ ಅದ್ದುತ್ತಿದ್ದರು, ಪ್ರತಿ ಸಲವೂ ಸಿಡಿದದ್ದು ನನ್ನ ಮುಖಕ್ಕೆ. ನಿಜ ಹೇಳುತ್ತೇನೆ, ನನಗೆ ನನ್ನ ಮೇಲೆ ಅಸಹ್ಯವಾಗಿತ್ತು.

ಸರಿಪಡಿಸಲು ನೋಡಿದೆ. ಮುಧೋಳದ ಪೇಟೆಯಿಂದ ಛಲೋ ಸೀರೆ ತಂದೆ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಇಟ್ಟರು. ಬೀಳಗಿಯಲ್ಲಿ ನನ್ನ ತಂಗಿಯ ಮನೆಗೆ ನಾಲ್ಕು ದಿನ ಕರೆದುಕೊಂಡು ಹೋದೆ. ಅಲ್ಲಿ ಎಲ್ಲರೂ ಮನೆಯ ಅಜ್ಜಿಗೆ ಅನ್ನುವಂತೆ ಆಯಿ, ಆಯಿ ಎಂದು ಮಂಚದ ಮೇಲೆ ಕೂರಿಸಿ ಉಪಚಾರ ಮಾಡಿದರು. ಅದನ್ನೂ ಸುಮ್ಮನೆ ಮಾಡಿಸಿಕೊಂಡರು. ಬರುವಾಗ ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, "ಉಣ್ಣಾಕ ಕರೀತಾರ, ಕುಂದ್ರಾಕ ಕರೀತಾರ. ಮಾಡಾಕ ಯಾರೂ ಕರ್‍ಯಾಂಗಿಲ್ಲ," ಎಂದರು. ಅವರಿಗೆ ಬೇಕಾಗಿದ್ದದ್ದು ಆ ಬೀಮಿನ ಮುಂದಿನ ಎರಡು ಮೊಳ ನೆಲ. ಅದನ್ನು ಕಸಿದುಕೊಂಡವಳು ನಾನು, ಮರಳಿ ಕೊಡಿಸುವ ದಾರಿ ನನಗೆ ಕಾಣುತ್ತಿರಲಿಲ್ಲ.

ದಾರಿ ತೆರೆದದ್ದು ನನ್ನ ಜಾಣತನದಿಂದ ಅಂತೂ ಅಲ್ಲ.

ದೀಪಾವಳಿಗೆ ಇನ್ನೂ ಮೂರು ವಾರ ಇತ್ತು. ತೇರದಾಳದ ವ್ಯಾಪಾರಿಯೊಬ್ಬರು ಪಟ್ಟಿ ಪಟ್ಟಿ ಬಣ್ಣದ ಸೀರೆಗಳನ್ನು ನೇಯಲು ಹೇಳಿದ್ದರು: ಹಸಿರು, ಕೆಂಪು, ಅದರ ನಡುವೆ ಸಣ್ಣದಾಗಿ ಹಳದಿ. ಅಂಥ ಹಾಸಿನಲ್ಲಿ ಒಂದು ಎಳೆ ಸ್ಥಳ ತಪ್ಪಿದರೂ ಸೀರೆಯ ಉದ್ದಕ್ಕೂ ಕಾಣುತ್ತದೆ. ಅಕ್ಕಪಕ್ಕದ ಎರಡು ಮಗ್ಗಕ್ಕೆ ಅದೇ ನಮೂನೆಯ ಎರಡು ಬೀಮು ಬಂದವು. ನಾನು ಮೊದಲನೆಯದನ್ನು ಎರಡು ದಿನ ಕುಳಿತು ಕೆಚ್ಚಿ ಮುಗಿಸಿದೆ. ಮುಗಿದ ಮೇಲೆ ಅದರ ಕೋಲು ತೆಗೆದು ಗಂಟುಗಳನ್ನು ಮುಂದಕ್ಕೆ ಎಳೆಯಬೇಕು. ಎದ್ದು ನೀರು ಕುಡಿದೆ. ಮೊಮ್ಮಗ ಮಾಲಕ, "ಲಗೂನ ಆಗಲಿರಿ ಆಂಟಿ, ಆ ಮುದುಕಿಗತೆ ಮಾಡಬ್ಯಾಡ್ರಿ," ಎಂದ. ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿರುವಾಗ ಹೋಗಿ ಎರಡು ಕೋಲನ್ನೂ ಸರ್ರನೆ ಎಳೆದು ಹೊರಗೆ ಹಾಕಿದೆ. ಬೆವರು ಸುರಿಯುತ್ತಿತ್ತು, ಕೆಲಸ ಮುಗಿಯಿತಲ್ಲ ಎಂದು ಫ್ಯಾನಿನ ಗುಂಡಿಯನ್ನೂ ಒತ್ತಿದೆ.

ಕೋಲು ಎಳೆದದ್ದು ಎರಡನೆಯ ಬೀಮಿನದು. ಅದರ ಒಂದು ಎಳೆಯನ್ನೂ ಇನ್ನೂ ಕೆಚ್ಚಿರಲಿಲ್ಲ.

ಸಾಲು ಬಿಟ್ಟ ಸಾವಿರಾರು ಎಳೆಗಳು ಫ್ಯಾನಿನ ಗಾಳಿಗೆ ಎದ್ದವು. ಹಸಿರು ಕೆಂಪಿನ ಒಳಗೆ, ಹಳದಿ ಹಸಿರಿನ ಒಳಗೆ. ನಾನು ಓಡಿ ಫ್ಯಾನು ಆರಿಸುವಷ್ಟರಲ್ಲಿ ಅದು ನಿದ್ದೆಯಿಂದ ಎದ್ದ ಹುಡುಗಿಯ ತಲೆಯಂತಾಗಿತ್ತು. ಮೊಮ್ಮಗ ಮಾಲಕ ಬಂದು ನೋಡಿದ, ಅವನ ಮುಖದ ಬಣ್ಣ ಇಳಿಯಿತು. "ಇದನ್ನ ಕತ್ತರಿಸಿ ಒಗೀಬೇಕು," ಎಂದ. "ಹಬ್ಬಕ್ಕ ಕೊಡತೇನಂತ ಮಾತ ಕೊಟ್ಟೇನಿ."

ನಾನು ಮನೆಗೆ ಓಡಿದೆ. ಐವತ್ತೊಂದರ ಹೆಂಗಸು ಬನಹಟ್ಟಿಯ ಓಣಿಯಲ್ಲಿ ಸೀರೆ ಎತ್ತಿ ಹಿಡಿದು ಓಡಿದ್ದನ್ನು ನೋಡಿದವರು ಇಂದಿಗೂ ಆಡಿಕೊಳ್ಳುತ್ತಾರೆ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಫ್ಯಾನ ಎಷ್ಟ ಹೊತ್ತ ಇತ್ತು?"

"ಹತ್ತ ಉಸರ ಹಾಕೂದರಾಗ ಬಂದ ಮಾಡಿದೆರಿ."

"ಯಾರರ ಬಾಚಿದರೇನು?"

"ಇಲ್ರಿ."

"ಹಂಗಾರ ಜೀವ ಐತಿ. ಬೀಮಿನ ಮ್ಯಾಲ ಎಳಿ ಇನ್ನೂ ತಮ್ಮ ಜಾಗಾದಾಗ ಅದಾವ, ಹೊರಗ ಬಂದದ್ದಷ್ಟ ಕೆಟ್ಟೈತಿ. ಬಾಚಿದರ ಮಾತ್ರ ಸತ್ತಂಗ. ಹೋಗು, ಯಾರೂ ಕೈ ಹಚ್ಚದಂಗ ನೋಡು."

ಮತ್ತೆ ಓಡಿದೆ. ಹೋಗಿ ನೋಡಿದರೆ ಕೆಲಸದವನೊಬ್ಬ ಬ್ರಶ್ ಹಿಡಿದು ಎಳೆಗಳನ್ನು ನೀಟು ಮಾಡಲು ಬಗ್ಗಿದ್ದ. ಅವನ ಕೈಯಿಂದ ಬ್ರಶ್ ಕಸಿದುಕೊಂಡು ಬೀಮಿಗೆ ಅಡ್ಡ ನಿಂತೆ. ಮೊಮ್ಮಗ ಮಾಲಕನಿಗೆ ಹೇಳಿದೆ, "ಇದನ್ನ ಉಳಸಾವ್ರು ಊರಾಗ ಒಬ್ಬರ ಅದಾರ. ಅವರನ್ನ ಕರದ ತಾ." ಯಾರು ಎಂದು ಅವನಿಗೆ ಗೊತ್ತಾಯಿತು. "ನೀವ ಹೇಳ್ರಿ, ಬರತಾರ," ಎಂದ.

"ನಾ ಹೇಳಿದರ ಬರಂಗಿಲ್ಲ. ನಾ ಹೇಳಿದ್ದಕ್ಕ ಹೋಗ್ಯಾರ."

ಅವನು ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಅಡಿಕೆ ತಂದಿದ್ದ; ಅಜ್ಜನ ಕಾಲದ್ದು ಅಷ್ಟಾದರೂ ನೆನಪಿತ್ತು. ಬೀಮಿಗೆ ಒಬ್ಬನನ್ನು ಕಾವಲು ನಿಲ್ಲಿಸಿ ನಾನೂ ಹಿಂದೆ ಬಂದೆ. ಅತ್ತೆ ಅದೇ ಕಟ್ಟೆಯ ಮೇಲೆ ಕುಳಿತಿದ್ದರು, ಜೋಳದ ಮೊರ ತೊಡೆಯ ಮೇಲೆ. ಚೀಲವನ್ನು ನೋಡಿ ಅವರು, "ಕಾಯಿಪಲ್ಯ ತಂದೀ ಏನಪಾ?" ಎಂದರು. ಅವನು ನಮ್ಮ ಮನೆಯೊಳಗೆ ನೋಡಿದ, ತಟ್ಟೆ ಕೊಡುತ್ತಾರೇನೋ ಎಂದು. ನಾನು ಕೊಡಲಿಲ್ಲ. ಮನೆಗೆ ಹೋಗಿ ತಟ್ಟೆ ತಂದ. ಅಷ್ಟು ಹೊತ್ತಿಗೆ ಓಣಿಯ ಎರಡೂ ಬದಿಯ ಕಟ್ಟೆಗಳು ತುಂಬಿದ್ದವು.

"ಆಯಿ, ಬರ್ರಿ, ಸಿಟ್ಟ ಬಿಡ್ರಿ," ಎಂದ.

"ನಾ ನಿನ್ನ ಆಯಿ ಅಲ್ಲ. ನಿಮ್ಮ ಆಯಿ ನಿಮ್ಮ ಮನ್ಯಾಗ ಅದಾಳ."

"ಅಮ್ಮಾರ..."

"ಅಮ್ಮಾರ ಗುಡಿ ಆ ಕಡೆ."

ಜನ ನಕ್ಕರು. ಅವನ ಹಣೆಯಲ್ಲಿ ಬೆವರು ಮೂಡಿತು. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವರು ಆಡಿದ ಮಾತು ಓಣಿಗೆ ಓಣಿಯೇ ಕೇಳುವಷ್ಟು ಗಟ್ಟಿಯಾಗಿತ್ತು.

"ನನಗ ಕಸುಬಿನ ಹೆಸರ ಐತಿ. ಮುದುಕಿ ಅಂತ. ನಿಮ್ಮಜ್ಜ ಕರೀತಿದ್ದ, ಚಪ್ಪಲಿ ಕೆಳಗ ಬಿಟ್ಟ ಕರೀತಿದ್ದ. ನೀನೂ ಅದನ್ನ ಕರದಿ, ಆದ್ರ ಬೀದಿ ನಾಯಿ ಓಡಸದಂಗ ಕರದಿ. ಮುಧೋಳ ಕಡೆ ನಾಯಿಗೂ ಮರ್ಯಾದಿಲೆ ಕರೀತಾರ ತಮ್ಮಾ. ಮಾತ ಬದಲ ಮಾಡಬ್ಯಾಡ. ಅದ ಮಾತ ಕರಿ. ನಿಮ್ಮಜ್ಜ ಕರದಂಗ ಕರಿ."

ಅವನು ಕೆಟ್ಟ ಹುಡುಗನೇನಲ್ಲ, ಯಾರೂ ಕಲಿಸಿರಲಿಲ್ಲ ಅಷ್ಟೆ. ಚಪ್ಪಲಿಯಿಂದ ಕಾಲು ಹೊರಗೆ ತೆಗೆದ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಮುದುಕಿಯವರ," ಎಂದ, "ನಮ್ಮ ಮಗ್ಗಕ್ಕ ಬಂದು ಕೈ ಹಚ್ಚರಿ."

ಅತ್ತೆ ತಟ್ಟೆಯನ್ನು ಇನ್ನೂ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು.

"ನೀ ಯಾಕ ಸುಮ್ಮ ನಿಂತಿ ಬೇ? ಮೊದಲ ಆ ಮಾತ ಹೊಲಸ ಮಾಡಿದಾಕಿ ನೀನ."

ಓಣಿಯ ಮುಂದೆ, ಪಕ್ಕದ ಮನೆಯ ಆ ಹಳೆಯ ಆಂಟಿಯ ಮುಂದೆ, ಎಲ್ಲರ ಮುಂದೆ ನಾನು ಕಾಲಿಗೆ ಬಿದ್ದೆ. ಮುದುಕಿಯವರ, ನನ್ನ ತಪ್ಪಾತ್ರಿ, ಎಂದೆ. ಅಳು ಬಂತು, ಅತ್ತುಬಿಟ್ಟೆ. ನನಗೆ ನಾಚಿಕೆ ಆಗಲಿಲ್ಲ, ಬದಲಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟು, "ಏಳು, ಬೆಳಕ ಹೊಂಟೈತಿ, ಕೆಲಸ ಐತಿ," ಎಂದರು. ಎಲೆಯೊಂದನ್ನು ತೆಗೆದುಕೊಂಡು ಅಡಿಕೆ ಸುತ್ತಿ ಬಾಯಿಗೆ ಹಾಕಿಕೊಂಡು, ಕಟ್ಟೆ ಇಳಿದರು.

ಕೆಲಸ ಮೂರು ದಿನ ಹಿಡಿಯಿತು. ನಾನು ಸಿಟ್ಟಿನಲ್ಲಿ ಅಂದದ್ದರಲ್ಲಿ ಅರ್ಧ ಖರೆ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅವರಿಗೆ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಆದರೆ ಅವರು ಕಣ್ಣಿನಿಂದ ಕೆಲಸ ಮಾಡುವವರಾಗಿರಲಿಲ್ಲ. ಬೀಮಿನ ಅಂಚಿನಲ್ಲಿ ಉಗುರು ಇಟ್ಟು ಒಂದು ಎಳೆಯನ್ನು ಹುಡುಕುತ್ತಿದ್ದರು, ಅದನ್ನು ಬೆರಳ ನಡುವೆ ಜಾರಿಸುತ್ತ ತುದಿಯ ತನಕ ಬರುತ್ತಿದ್ದರು, ಸಿಕ್ಕು ಬಂದಲ್ಲಿ ಎಳೆಯದೆ ಅಲುಗಿಸುತ್ತಿದ್ದರು. ಎಳೆ ಬಿಗಿಯಾಗಿ ಬೆರಳಿಗೆ ಸಿಕ್ಕ ಕೂಡಲೇ ಕೈಯ ನಡುಕ ನಿಂತುಬಿಡುತ್ತಿತ್ತು. "ಮ್ಯಾಲ," ಎನ್ನುತ್ತಿದ್ದರು, ನಾನು ಅದನ್ನು ಕೋಲಿನ ಮೇಲೆ ಹಾಕುತ್ತಿದ್ದೆ. "ಕೆಳಗ," ಎನ್ನುತ್ತಿದ್ದರು, ಕೆಳಗೆ ಹಾಕುತ್ತಿದ್ದೆ. ಮ್ಯಾಲ, ಕೆಳಗ, ಮ್ಯಾಲ, ಕೆಳಗ. ಬಣ್ಣ ಕೇಳಿದರೆ ಮಾತ್ರ ನಾನು ಹೇಳಬೇಕಿತ್ತು. ಎರಡನೆಯ ದಿನದ ಹೊತ್ತಿಗೆ ಅದನ್ನೂ ಕೇಳುವುದು ಬಿಟ್ಟರು. ಹಸಿರು ಬಣ್ಣದ ನೂಲು ಸ್ವಲ್ಪ ಒರಟು, ಕೈಗೆ ತಿಳಿಯುತ್ತದೆ ಎಂದರು. ನನ್ನ ಕೈಗೆ ಎಲ್ಲವೂ ಒಂದೇ ಆಗಿದ್ದವು.

ಮೊಮ್ಮಗ ಮಾಲಕ ಮೊದಲ ದಿನ ದೂರ ನಿಂತು ನೋಡಿದ. ಎರಡನೆಯ ದಿನ ಹತ್ತಿರ ಬಂದು ಕುಳಿತ. ಮೂರನೆಯ ದಿನ ಬೂದಿಯನ್ನು ತಾನೇ ಸೋಸಿ ಬಟ್ಟಲಿಗೆ ಹಾಕಿ ಕೊಟ್ಟ. ಫ್ಯಾನಿನ ಗುಂಡಿಯ ಮೇಲೆ ಟೇಪು ಅಂಟಿಸಿದ್ದನ್ನು ನೋಡಿ ಅತ್ತೆ ಮೊದಲ ಸಲ ನಕ್ಕರು. ಎಷ್ಟೋ ತಿಂಗಳ ನಂತರದ ನಗು ಅದು. ನನಗೆ ಮನೆಗೆ ಹೋಗಿ ಹೋಳಿಗೆ ಮಾಡಬೇಕೆನಿಸಿತು.

ಸಾಲು ಕೂಡಿಸಿ, ಇಬ್ಬರೂ ಸೇರಿ ಕೆಚ್ಚಿ, ಕೊನೆಗೆ ಗಂಟುಗಳನ್ನು ಎಳೆಯುವ ಹೊತ್ತು ಬಂತು. ಸಾವಿರಾರು ಗಂಟು ಹಣಿಗೆಯ ಸಂದಿಗಳಿಂದ ಒಟ್ಟಿಗೆ ದಾಟಬೇಕು. ಹಣಿಗೆ ಎಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿರುವ ಮಗ್ಗದ ಬಾಚಣಿಗೆ. ಕೆಚ್ಚಿದ್ದು ಸಡಿಲವಿದ್ದರೆ ಎಳೆ ಹರಿಯುವುದು ಅಲ್ಲಿಯೇ. ಉಳಿದ ಮಗ್ಗಗಳನ್ನು ನಿಲ್ಲಿಸಿ ಎಲ್ಲರೂ ಸುತ್ತ ನಿಂತರು. ಅವತ್ತು ನಕ್ಕವರೂ ಇದ್ದರು. ಅತ್ತೆ ಎರಡೂ ಕೈ ಹಾಸಿನ ಮೇಲೆ ಹರಡಿ, "ಮೆಲ್ಲಕ ಎಳೀರಿ," ಎಂದರು. ಹಸಿರು ದಾಟಿತು, ಕೆಂಪು ದಾಟಿತು. ಟಪ್ಪೆಂದು ಒಂದು ಎಳೆ ಹರಿಯಿತು. ಆಮೇಲೆ ಇನ್ನೊಂದು. ಅಷ್ಟೇ. ಇಡೀ ಬೀಮಿನಲ್ಲಿ ಎರಡು ಎಳೆ. ಅವನ್ನು ಹುಡುಕಿ ಕಟ್ಟುತ್ತ ಅತ್ತೆ ನನ್ನ ಕಡೆ ನೋಡದೆ ಹೇಳಿದರು, "ಇವೆರಡೂ ನೀ ಕೆಚ್ಚಿದ್ದು."

ಮಗ್ಗ ಶುರುವಾಯಿತು. ಹತ್ತು ಬೆರಳಿನ ಅಗಲ ನೇಯ್ದಾಗ ಹಸಿರು ಹಸಿರಿನ ಜಾಗದಲ್ಲಿತ್ತು, ಕೆಂಪು ಕೆಂಪಿನ ಜಾಗದಲ್ಲಿ, ಹಳದಿ ಸಣ್ಣಗೆ ನಡುವೆ. ಅತ್ತೆ ಬಗ್ಗಿ ಬೆರಳಾಡಿಸಿ ನೋಡಿದರು. ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಯಾರು ಏನಂದರೂ ಕೇಳುವುದಿಲ್ಲ, ಆದರೆ ಎಲ್ಲರ ಬಾಯಿಯೂ ಒಂದೇ ಮಾತನ್ನು ಆಡುತ್ತಿದ್ದುದು ಕಾಣುತ್ತಿತ್ತು. ಮುದುಕಿ, ಮುದುಕಿ, ನಮ್ಮ ಮುದುಕಿ. ನಾನು ಶೆಡ್ಡಿನ ನಡುವೆ ನಿಂತು ಮಕ್ಕಳಂತೆ ಚಪ್ಪಾಳೆ ತಟ್ಟಿದೆ. ಹಬ್ಬಕ್ಕೆ ಸೀರೆಗಳು ತೇರದಾಳ ಮುಟ್ಟಿದವು.

ಸುದ್ದಿ ಓಡಾಡಲು ನಮ್ಮಲ್ಲಿ ಫೋನು ಬೇಕಾಗಿಲ್ಲ. ದೀಪಾವಳಿ ಮುಗಿಯುವುದರೊಳಗೆ ನಮ್ಮ ಬಾಗಿಲಿಗೆ ತಟ್ಟೆಗಳು ಬರತೊಡಗಿದವು. ಅತ್ತೆ ಆರಿಸಿ ಆರಿಸಿ ಒಪ್ಪಿಕೊಳ್ಳುತ್ತಾರೆ. ಬೆನ್ನು ನೋಯುತ್ತದೆ, ದಿನಕ್ಕೆ ಅರ್ಧ ಹೊತ್ತಿಗಿಂತ ಹೆಚ್ಚು ಕೂರುವುದಿಲ್ಲ. ಉಳಿದರ್ಧ ನನಗೆ ಪಾಠ. ಕಣ್ಣು ಮುಚ್ಚಿಸಿ ಕೈಗೆ ಎಳೆ ಕೊಟ್ಟು, ಇದು ಯಾವ ಬಣ್ಣ ಹೇಳು ಎನ್ನುತ್ತಾರೆ. ಹತ್ತಕ್ಕೆ ಆರು ಸಲ ತಪ್ಪು ಹೇಳುತ್ತೇನೆ. ಮೊದಲು ಹತ್ತಕ್ಕೆ ಹತ್ತೂ ತಪ್ಪುತ್ತಿದ್ದೆ.

ಮೊನ್ನೆ ರಬಕವಿಯಿಂದ ಹೊಸದಾಗಿ ಮಗ್ಗ ಹೂಡಿದ ಒಬ್ಬರು ಬಂದರು. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, "ಮುದುಕಿಯವರು ಅದಾರೇನ್ರಿ?" ಎಂದು ಕೇಳಿದರು.

"ಅದಾರ್ರಿ. ಆದ್ರ ಸರದಿ ಐತಿ. ಮುಂದಿನ ವಾರ ಆಗತೈತಿ."

ಅವರ ಮುಖ ಸಣ್ಣದಾಯಿತು. ನನ್ನ ನೆರೆತ ತಲೆ ನೋಡಿದರು, ಬೂದಿ ಹತ್ತಿದ ಬೆರಳು ನೋಡಿದರು. "ಹಂಗಾರ ನೀವ ಬರ್ರಿ," ಎಂದರು. "ನೀವೂ ಮುದುಕಿಯವರ ಅಲ್ಲೇನ್ರಿ?"

ಒಳಗೆ ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಾಯಿತು.

"ಇಲ್ರಿ," ಎಂದೆ. "ನಾ ಇನ್ನೂ ಮುದುಕಿ ಆಗಿಲ್ಲ. ಕಲಿಯಾಕತ್ತೇನಿ."